ಈರುಳ್ಳಿಗೆ ಅವಸರ ಬೇಡ

ಅಮೆರಿಕದ ಪ್ಯಾಟಿ ಮೆಲ್ಟ್ ಸ್ಯಾಂಡ್‌ವಿಚ್ ಮನೆಯಲ್ಲೇ ಮಾಡಬೇಕೆಂದಿದ್ದೀರಾ? ಖಂಡಿತ ಮಾಡಿ. ರೈ ಬ್ರೆಡ್ಡು, ದನದ ಮಾಂಸದ ಕೈಮಾ, ಸ್ವಿಸ್ ಚೀಸ್, ಕಂದು ಬಣ್ಣಕ್ಕೆ ಬರುವಂತೆ ಬಾಡಿಸಿದ ಈರುಳ್ಳಿ ಇದ್ದರೆ ರಾತ್ರಿಯೂಟಕ್ಕೆ ಬೇರೇನೂ ಬೇಡ. ಆದರೆ ಹೆಚ್ಚಿನವರು ಎಡವುವುದು ಈರುಳ್ಳಿಯಲ್ಲೇ. ಹಸಿವಿನ ಭರದಲ್ಲಿ ಉರಿ ಜೋರು ಮಾಡಿದರೆ ಅಂಚು ಸೀದು ಕಹಿಯಾಗುತ್ತದೆ, ನಡುವೆ ಹಸಿಯೇ ಉಳಿಯುತ್ತದೆ. ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ 40–45 ನಿಮಿಷ ಬಾಡಿಸಿ. ತಳ ಹಿಡಿದರೆ ಒಂದು ಚಮಚ ನೀರು ಚಿಮುಕಿಸಿ, ಕೆರೆದು ಬೆರೆಸಿ. ರುಚಿ ಇರುವುದೇ ಆ ತಳ ಹಿಡಿದದ್ದರಲ್ಲಿ. ಸಕ್ಕರೆ ಸೇರಿಸಬೇಕಿಲ್ಲ. ಇನ್ನು ಕೈಮಾವನ್ನು ಹಿಟ್ಟಿನಂತೆ ನಾದಬೇಡಿ, ಗಟ್ಟಿಯಾಗುತ್ತದೆ. ಬೆಂದಿದೆಯೇ ಎಂದು ಬಣ್ಣ ನೋಡಿ ನಿರ್ಧರಿಸಲೂ ಬೇಡಿ. ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಈರುಳ್ಳಿ ಮೊದಲು ಒಲೆಗೇರಲಿ, ಉಳಿದದ್ದೆಲ್ಲ ಆಮೇಲೆ.