ಹಿಮ ತೆಗೆಯುವ ಕಾಯಕ



ಕಾಯಕ ತತ್ತ್ವವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ನೇಯ್ಗೆ, ಒಕ್ಕಲುತನ, ಕುಂಬಾರಿಕೆ ಮೊದಲಾದ ಉದ್ಯೋಗಗಳನ್ನು ಉದಾಹರಿಸುತ್ತೇವೆ. ಇವೆಲ್ಲವೂ ಕಣ್ಣಿಗೆ ಕಾಣುವ ಫಲವನ್ನು ಕೊಡುವಂಥವು. ನೇಕಾರನ ಮಗ್ಗದಲ್ಲಿ ಸೀರೆಯುಳಿಯುತ್ತದೆ. ಒಕ್ಕಲಿಗನ ಕಣದಲ್ಲಿ ರಾಶಿಯುಳಿಯುತ್ತದೆ. ಆದರೆ ಮುಂಜಾನೆ ಮಾಡಿದ ಕೆಲಸವು ಸಂಜೆಯೊಳಗೆ ಅಳಿಸಿಹೋಗುವುದಾದರೆ ಅದನ್ನು ಕಾಯಕವೆನ್ನಬಹುದೇ? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು.

ಅವನು ಖಾನಾಪುರ ತಾಲೂಕಿನ ಒಕ್ಕಲು ಮನೆತನದವನು. ಮರಾಠಾ ಲಘು ಪದಾತಿ ದಳದ ಕೇಂದ್ರವು ಬೆಳಗಾವಿಯಲ್ಲಿಯೇ ಇರುವುದರಿಂದ ನಮ್ಮ ಭಾಗದ ಮಕ್ಕಳಿಗೆ ಸೈನ್ಯದ ಸೇವೆಯು ಹೊಸದಲ್ಲ. ಇವನೂ ಸೈನ್ಯವನ್ನು ಸೇರಿ ಲಡಾಖಿನ ಎತ್ತರದ ಠಾಣೆಗಳಲ್ಲಿ ಚಳಿಗಾಲವನ್ನು ಕಳೆದಿದ್ದನು. ಶ್ರಾವಣದಲ್ಲಿ ರಜೆಯ ಮೇಲೆ ಬಂದಾಗ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಹೀಗೆ ಕೇಳಿದನು: “ಗುರುಗಳೇ, ಅಲ್ಲಿ ನಾವು ಬಂದೂಕು ಹಿಡಿದದ್ದಕ್ಕಿಂತ ಸಲಿಕೆ ಹಿಡಿದದ್ದೇ ಹೆಚ್ಚು. ಮುಂಜಾನೆ ತೆಗೆದ ಹಿಮ ಸಂಜೆಗೆ ಮತ್ತೆ ಅಷ್ಟೇ ಬಿದ್ದಿರುತ್ತದೆ. ಇದೂ ಕಾಯಕವೇನ್ರಿ?” ನಾನು ಅವಸರದಲ್ಲಿ “ಹೌದಪ್ಪಾ” ಎಂದುಬಿಟ್ಟೆನು. ಅವನು ಮರುಮಾತಾಡಲಿಲ್ಲ, ಆದರೆ ಅವನಿಗೆ ಸಮಾಧಾನವಾಗಲಿಲ್ಲವೆಂಬುದು ಮುಖದಿಂದಲೇ ತಿಳಿಯಿತು. ಆದಕಾರಣ ಈ ವಿಚಾರವನ್ನು ಸಾವಕಾಶವಾಗಿ ನೋಡುವುದು ಉಚಿತ.

ಮೊದಲು ಆ ಕೆಲಸದ ಸ್ವರೂಪವನ್ನು ತಿಳಿಯಬೇಕು. ಹೊಸದಾಗಿ ಬಿದ್ದ ಹಿಮವು ಅರಳೆಯಂತೆ ಹಗುರವಾದುದು. ಒಂದು ಘನ ಮೀಟರಿನಷ್ಟು ಹಿಮವು ಹೆಚ್ಚುಕಡಿಮೆ 100 ಕಿಲೋಗ್ರಾಂ ತೂಗುತ್ತದೆ. ಗಾಳಿಯಿಂದಲೂ ತನ್ನ ಭಾರದಿಂದಲೂ ಅದು ಅಮುಕಿಕೊಂಡಾಗ ಮೂರು ನಾಲ್ಕು ಪಟ್ಟು ಭಾರವಾಗುತ್ತದೆ. ಪೂರ್ಣ ಮಂಜುಗಡ್ಡೆಯಾದರೆ ಅದೇ ಅಳತೆಗೆ 917 ಕಿಲೋಗ್ರಾಂ. ಇಂದು ಸಲಿಕೆಯಿಂದ ಹೋಗುವುದು ನಾಳೆ ಹಾರೆಯನ್ನು ಬೇಡುತ್ತದೆ. ಆದ್ದರಿಂದ ಈ ಕೆಲಸದಲ್ಲಿ ನಾಳೆಗೆ ಎಂಬ ಮಾತಿಲ್ಲ.

ಉಪ್ಪು ಹಾಕಿ ಕರಗಿಸಬಾರದೇ ಎಂದು ಕೆಲವರು ಕೇಳಬಹುದು. ಉಪ್ಪು ಬೆರೆತ ನೀರು ಬೇಗ ಹೆಪ್ಪುಗಟ್ಟುವುದಿಲ್ಲವೆಂಬುದು ನಿಜ. ಅಮೆರಿಕ, ಕೆನಡಾ ದೇಶಗಳ ನಗರಗಳಲ್ಲಿ ಬೀದಿಗಳಿಗೆ ಉಪ್ಪನ್ನು ಎರಚುತ್ತಾರೆ. ಅಲ್ಲಿನ ಅನೇಕ ಊರುಗಳಲ್ಲಿ ಮನೆಯ ಮುಂದಣ ಕಾಲುದಾರಿಯ ಹಿಮವನ್ನು ಮನೆಯವರೇ ತೆಗೆಯಬೇಕೆಂಬ ನಿಯಮವಿದೆ. ಅಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳೂ ಇದಕ್ಕೆ ಹೊರತಲ್ಲ. ಆದರೆ ಉಪ್ಪಿನ ಶಕ್ತಿಗೂ ಮಿತಿಯುಂಟು. ಶೂನ್ಯಕ್ಕಿಂತ 21 ಡಿಗ್ರಿ ಕೆಳಗಿಳಿದರೆ ಎಷ್ಟು ಉಪ್ಪು ಬೆರೆಸಿದರೂ ನೀರು ಗಟ್ಟಿಯಾಗುತ್ತದೆ. ಅತಿಯಾದ ಉಪ್ಪು ಹಳ್ಳವನ್ನೂ ಹೊಲವನ್ನೂ ಕೆಡಿಸುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. 1984ನೆಯ ಇಸವಿಯ ಎಪ್ರಿಲ್ 13ರಿಂದ ನಮ್ಮ ಸೈನಿಕರು ಕಾಯುತ್ತಿರುವ ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ ಚಳಿಯು ಶೂನ್ಯಕ್ಕಿಂತ 50 ಡಿಗ್ರಿ ಕೆಳಗೆ ಇಳಿಯುವುದುಂಟು. ಅಲ್ಲಿನ ಎತ್ತರದ ಠಾಣೆಗಳಲ್ಲಿ ಉಸಿರಿಗೆ ಸಿಗುವ ಪ್ರಾಣವಾಯುವು ನಮಗೆ ಸಿಗುವುದರ ಸುಮಾರು ಅರ್ಧದಷ್ಟು. ದುಡಿದ ಮೈಯ ಬೆವರು ಕೈಚೀಲದೊಳಗೇ ಹೆಪ್ಪುಗಟ್ಟುತ್ತದೆ. ಹಾಗಿದ್ದರೂ ಹಿಮ ಬೀಳುವ ರಾತ್ರಿ ಎದ್ದೆದ್ದು ಬಿಡಾರದ ಮೇಲಿನದನ್ನು ತೆಗೆಯದಿದ್ದರೆ ಒಳಗೆ ಮಲಗಿದವರು ಹೂತುಹೋಗುತ್ತಾರೆ.

ಸೈನಿಕರಲ್ಲದೆ ರಸ್ತೆಯ ಕೂಲಿಕಾರರದೂ ಇದೇ ಕೆಲಸ. ಶ್ರೀನಗರದಿಂದ ಕಾರ್ಗಿಲ್, ಲೇಹಗಳಿಗೆ ಹೋಗುವ ಮಾರ್ಗವು 11,500 ಅಡಿಗಿಂತ ಎತ್ತರದ ಝೋಜಿಲಾ ಕಣಿವೆಯನ್ನು ದಾಟುತ್ತದೆ. 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯವರು ಅಲ್ಲಿ ಎರಡೂ ಕಡೆಯಿಂದ ಹಿಮವನ್ನು ಕಡಿಯುತ್ತ ಬಂದು ನಡುವೆ ಕೂಡುತ್ತಾರೆ. ಹಿಂದೆ ವರ್ಷದಲ್ಲಿ ಐದಾರು ತಿಂಗಳು ಮುಚ್ಚಿರುತ್ತಿದ್ದ ಆ ದಾರಿಯು 2023ರಲ್ಲಿ 68 ದಿನಗಳಿಗೂ, 2025ರಲ್ಲಿ 32 ದಿನಗಳಿಗೂ ತೆರೆಯಿತು. ಯಂತ್ರಗಳ ಜೊತೆಗೆ ಝಾರ್ಖಂಡ್ ಮೊದಲಾದ ದೂರದ ಪ್ರಾಂತಗಳಿಂದ ಬಂದ ದಿನಗೂಲಿಯವರೂ ಗಡಿಯ ರಸ್ತೆಗಳಲ್ಲಿ ದುಡಿಯುತ್ತಾರೆ. ದಾರಿ ತೆರೆದ ದಿನ ಮೊದಲ ಬಂಡಿಯಲ್ಲಿ ಹೋಗುವವನಿಗೆ ಅವರ ಹೆಸರು ತಿಳಿದಿರುವುದಿಲ್ಲ.

ಈ ಕೆಲಸದ ಬೆಲೆಯೇನೆಂಬುದನ್ನು ನಮ್ಮ ನಾಡು ಒಮ್ಮೆ ಕಣ್ಣೀರಿನಿಂದ ಅರಿತಿದೆ. 2016ನೆಯ ಇಸವಿಯ ಫೆಬ್ರುವರಿ 3ರಂದು ಸಿಯಾಚಿನ್ನಿನ 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮದ ಗೋಡೆಯೇ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿಯಲ್ಲಿ ಸಿಕ್ಕಿದರು. ಸಂಗಡಿಗರು ಆಶೆ ಬಿಡದೆ ಆ ಗಟ್ಟಿ ಹಿಮವನ್ನು ಕೊರೆದು, ಕಡಿದು, ಎತ್ತಿ ಹಾಕಿದರು. ಆರನೆಯ ದಿನ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದರು ಜೀವಂತವಾಗಿ ದೊರೆತರು. ದಿಲ್ಲಿಯ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ಅವರು ಕಣ್ಮುಚ್ಚಿದರು. ಉಳಿದ ಒಂಬತ್ತು ಮಂದಿಯೂ ಬದುಕಲಿಲ್ಲ. ಹಾಗಾದರೆ ಅಗೆದವರ ಶ್ರಮವು ವ್ಯರ್ಥವಾಯಿತೇ? ಬೆಟದೂರಿನ ಯಾವ ತಾಯಿಯೂ ಹಾಗೆನ್ನಲಾರಳು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಹಿಮ ತೆಗೆಯುವವನ ಫಲವು ಹಿಮವಿಲ್ಲದ ನೆಲವೆಂದು ಭಾವಿಸಿದುದರಿಂದಲೇ ಈ ಸಂಶಯ ಹುಟ್ಟಿತು. ಅವನ ಫಲವು ನೆಲವಲ್ಲ, ದಾರಿ. ಮುಂಜಾನೆಗೂ ಸಂಜೆಗೂ ನಡುವೆ ಆ ದಾರಿಯಲ್ಲಿ ಒಬ್ಬ ರೋಗಿಯು ಆಸ್ಪತ್ರೆಗೆ ಹೋದನು, ಒಂದು ಚೀಲ ಹಿಟ್ಟು ಮೇಲೇರಿತು, ಮನೆಯ ಕಾಗದವೊಂದು ಠಾಣೆಗೆ ಮುಟ್ಟಿತು. ಸಂಜೆ ಬಿದ್ದ ಹಿಮವು ಇವುಗಳಲ್ಲಿ ಒಂದನ್ನೂ ಹಿಂದಕ್ಕೆ ತರಲಾರದು. ತಾಯಿ ಮಾಡಿದ ರೊಟ್ಟಿಯನ್ನುಂಡ ಮಕ್ಕಳಿಗೆ ರಾತ್ರಿ ಮತ್ತೆ ಹಸಿವಾಗುತ್ತದೆ. ಅಷ್ಟರಿಂದ ಹಗಲಿನ ರೊಟ್ಟಿ ದಂಡವಾಯಿತೆಂದು ಯಾರೂ ಹೇಳುವುದಿಲ್ಲ.

ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನ ಕಾಯಕವು ಶರಣರ ಅಂಗಳವನ್ನು ಗುಡಿಸುವುದಾಗಿತ್ತೆಂದು ಪರಂಪರೆಯು ಹೇಳುತ್ತದೆ. ಗುಡಿಸಿದ ಅಂಗಳದಲ್ಲಿ ಮರುದಿನ ಕಸವಿದ್ದೇ ಇರುತ್ತದೆ. ಶರಣರು ಅದನ್ನು ಅರಿಯದವರೇನಲ್ಲ. ಅರಿತೇ ಆಕೆಯನ್ನು ತಮ್ಮ ಸಾಲಿನಲ್ಲಿ ಕೂರಿಸಿದರು. ಕಾಯಕ ಶಬ್ದಕ್ಕೆ ಕಾಯವೇ ಮೂಲ. ಕಾಯವು ದಿನದಿನವೂ ದಣಿದು ದಿನದಿನವೂ ಏಳುವಂತೆ ಕಾಯಕವೂ ದಿನದಿನವೂ ಹೊಸದಾಗಿ ಸಲ್ಲತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕಾಯಕವೆಂಬ ದೊಡ್ಡ ಹೆಸರನ್ನು ಕೊಟ್ಟು, ದುಡಿಯುವವನಿಗೆ ಬೆಚ್ಚನೆಯ ಬಟ್ಟೆಯನ್ನೂ ತಕ್ಕ ಕೂಲಿಯನ್ನೂ ಕೊಡದೆ ಇರುವುದು ತತ್ತ್ವವಲ್ಲ, ವಂಚನೆ. ಆಯ್ದಕ್ಕಿ ಲಕ್ಕಮ್ಮನು ಅಂದಿನ ಅಗತ್ಯಕ್ಕಿಂತ ಹೆಚ್ಚಾದ ಅಕ್ಕಿಯನ್ನು ಗಂಡನಿಂದ ಮರಳಿ ಒಪ್ಪಿಸಿದ ಕಥೆಯನ್ನು ನಾವು ದುಡಿಯುವವರಿಗೆ ಹೇಳುತ್ತೇವೆ. ಹೆಚ್ಚು ಕೊಳ್ಳಬಾರದೆಂಬ ನಿಯಮವು ದುಡಿಯುವವನಿಗಿದ್ದರೆ, ಕಡಿಮೆ ಕೊಡಬಾರದೆಂಬ ನಿಯಮವು ದುಡಿಸಿಕೊಳ್ಳುವವನಿಗಿದೆ.

ನಮ್ಮ ಊರುಗಳಲ್ಲಿ ಹಿಮ ಬೀಳುವುದಿಲ್ಲ. ಆದರೆ ಈ ಪಾಠವು ನಮಗೆ ದೂರದ್ದಲ್ಲ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿಗಳ ಮೇಲಿಂದ ಚೋರ್ಲಾ ಘಟ್ಟವನ್ನಿಳಿಯುವ ರಸ್ತೆಗೆ ಮರ ಬಿದ್ದಾಗ, ಮಣ್ಣು ಕುಸಿದಾಗ ನೆನೆಯುತ್ತ ನಿಂತು ಅದನ್ನು ತೆಗೆಯುವವರುಂಟು. ಬೆಳಗಾವಿಯ ಬೀದಿಗಳನ್ನು ನಾವು ಏಳುವ ಮೊದಲೇ ಗುಡಿಸಿ ಹೋಗುವವರುಂಟು. ಅವರಲ್ಲಿ ಒಬ್ಬರ ಹೆಸರನ್ನಾದರೂ ನಾವು ಕೇಳಿ ತಿಳಿದಿದ್ದೇವೆಯೇ? ಅವರು ನೀರು ಕೇಳಿದರೆ ಮನೆಯ ತಂಬಿಗೆಯಲ್ಲಿಯೇ ಕೊಡುತ್ತೇವೆಯೇ? ಗೃಹಸ್ಥರು ಈ ತಿಂಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ನನ್ನ ವಿದ್ಯಾರ್ಥಿಯು ಠಾಣೆಗೆ ಮರಳಿದ್ದಾನೆ. ಈ ಸಂಚಿಕೆಯನ್ನು ಅವನ ವಿಳಾಸಕ್ಕೆ ಕಳುಹಿಸುತ್ತೇನೆ. ಅಂದು ಜಗಲಿಯ ಮೇಲೆ ಅವಸರದಲ್ಲಿ ಕೊಟ್ಟ ಉತ್ತರವನ್ನು ಅವನು ಮರೆತು, ಇದನ್ನು ಸ್ವೀಕರಿಸಲಿ. ಹಿಮ ತೆಗೆದು ಯಾರೋ ತೆರೆದ ದಾರಿಯಿಂದಲೇ ಇದು ಅವನ ಕೈ ಸೇರತಕ್ಕದ್ದು.