ಬಣ್ಣದಲ್ಲಿ ಉಳಿದ ಕೋಟೆ

ಹಬ್ಬಕ್ಕೆ, ಹೊಸ ವರ್ಷಕ್ಕೆ ಶುಭಾಶಯ ಕಾರ್ಡ್ ಕಳಿಸುವುದುಂಟು. ಕಾರ್ಡಿನ ಮೇಲೆ ಹೂವು, ದೀಪ ಇರುತ್ತೆ. ಕೆಲವದರ ಮೇಲೆ ಹಳೇ ಕೋಟೆಯ ಚಿತ್ರ ಇರುತ್ತೆ. ಇಂಥ ಚಿತ್ರಗಳನ್ನು ಮೊದಲು ಬರೆದವರು ಯಾರು? ಯಾಕೆ ಬರೆದರು? ನಾವು ತಿಳಿಯೋಣ.

ನಮ್ಮ ಕೆಸರೆಗೆ ಶ್ರೀರಂಗಪಟ್ಟಣ ದೂರವೇನಲ್ಲ. ಅಲ್ಲಿನ ಕೋಟೆ ಗೋಡೆ ನೀವು ನೋಡಿರುತ್ತೀರಿ. 1790ರಿಂದ 1792ರವರೆಗೆ ಟಿಪ್ಪು ಸುಲ್ತಾನರಿಗೂ ಇಂಗ್ಲಿಷ್ ಕಂಪನಿಗೂ ಯುದ್ಧ ನಡೆಯಿತು. 1791ರಲ್ಲಿ ಬೆಂಗಳೂರು ಕೋಟೆ, ನಂದಿದುರ್ಗ, ಸಾವನದುರ್ಗ ಕಂಪನಿಯ ಕೈಸೇರಿದವು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಗಡಿಯ ಬಾರಾಮಹಲ್ ಸೀಮೆ, ಅಂದರೆ ಈಗ ತಮಿಳುನಾಡಿನಲ್ಲಿರುವ ಕೃಷ್ಣಗಿರಿ ಕಡೆಯ ಬೆಟ್ಟದ ಕೋಟೆಗಳೂ ಹೋದವು.

ಆ ಸೈನ್ಯದ ಜೊತೆ ಬಣ್ಣದ ಪೆಟ್ಟಿಗೆ ಹಿಡಿದವರೂ ಬಂದಿದ್ದರು. ರಾಬರ್ಟ್ ಹೋಮ್ ಕಲಾವಿದ. ಜೇಮ್ಸ್ ಹಂಟರ್ ಫಿರಂಗಿ ಪಡೆಯ ಅಧಿಕಾರಿ. ಆಗ ಕ್ಯಾಮೆರಾ ಎಲ್ಲಿತ್ತು? ಗೋಡೆ ಎಷ್ಟು ಎತ್ತರ, ಬಾಗಿಲು ಎಲ್ಲಿ, ಎಲ್ಲಾ ಕೈಯಲ್ಲೇ ಬರೆದುಕೊಳ್ಳಬೇಕು. ಅದಕ್ಕೇ ಸೈನ್ಯದವರಿಗೂ ಚಿತ್ರಕಲೆ ಕಲಿಸುತ್ತಿದ್ದರು. 1792ರಲ್ಲಿ ಥಾಮಸ್ ಡೇನಿಯಲ್, ಅವರ ಸೋದರನ ಮಗ ವಿಲಿಯಂ ಬಾರಾಮಹಲ್ ಕೋಟೆಗಳನ್ನು ಬರೆದರು.

ಈ ಚಿತ್ರಗಳಿಂದ ಅಚ್ಚು ಮಾಡಿಸಿ ಲಂಡನ್ನಿನಲ್ಲಿ ಮಾರಿದರು. ಹೋಮ್ ಪುಸ್ತಕ 1794ರಲ್ಲಿ ಬಂತು. ಹಂಟರ್ 1792ರಲ್ಲೇ ತೀರಿಕೊಂಡರು. ಅವರ ಚಿತ್ರ ಅಚ್ಚಾದದ್ದು 1804-05ರಲ್ಲಿ. ಕೋಟೆ ನಮ್ಮದು, ದುಡ್ಡು ಅವರದು. ಆದರೂ ಚಿತ್ರ ಉಳಿದದ್ದು ಒಳ್ಳೆಯದೇ ಆಯಿತು. ಬೆಂಗಳೂರು ಕೋಟೆಯ ಬಹುಪಾಲು ಈಗ ಇಲ್ಲ. ಮಾರ್ಕೆಟ್ ಹತ್ತಿರ ಒಂದು ಬಾಗಿಲು, ಒಂದಿಷ್ಟು ಗೋಡೆ ಇದೆ ಅಷ್ಟೆ. ಹಂಟರ್ ಚಿತ್ರದಲ್ಲಿ ಆ ಕಾಲದ ಕೋಟೆ ಬಾಗಿಲು, ಅರಮನೆ ಕಾಣುತ್ತೆ.

ನೀರು ಬಣ್ಣ ಕಷ್ಟವಲ್ಲ, ತಾಳ್ಮೆ ಬೇಕು. ಬಣ್ಣಕ್ಕೆ ನೀರು ಬೆರೆಸಿ ದಪ್ಪ ಕಾಗದಕ್ಕೆ ಹಚ್ಚಬೇಕು. ಮೊದಲು ತೆಳು ಬಣ್ಣ. ಒಣಗಿದ ಮೇಲೆ ಗಾಢ ಬಣ್ಣ. ಬಿಳಿ ಬೇಕಾದ ಕಡೆ ಕಾಗದವನ್ನು ಹಾಗೇ ಬಿಡಬೇಕು. ತಪ್ಪಿದರೆ ಅಳಿಸುವುದು ಕಷ್ಟ. ರಂಗೋಲಿ ಹಾಕುವ ಕೈಗೆ ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು ಅಂತ ಹೇಳಿಕೊಡಬೇಕಾಗಿಲ್ಲ.

ನಮ್ಮ ಸಂಘದಲ್ಲೂ ಕಾರ್ಡ್ ಮಾಡಬಹುದು. ಶ್ರೀರಂಗಪಟ್ಟಣಕ್ಕೆ ಹೋಗಿ, ಕೋಟೆ ನೋಡಿ, ನಾವೇ ಬರೆಯೋಣ. ಬೇರೆಯವರು ಈಚೆಗೆ ಬರೆದ ಚಿತ್ರವನ್ನು ಕೇಳದೆ ಅಚ್ಚು ಹಾಕಿಸಬಾರದು. ಅದಕ್ಕೆ ಕಾನೂನು ಇದೆ. ಕಾರ್ಡಿನ ಹಿಂದೆ ಕೋಟೆಯ ಹೆಸರು ಬರೆಯಿರಿ. ಚಿತ್ರ ಬರೆದವರ ಹೆಸರನ್ನೂ ಬರೆಯಿರಿ, ಮರೆಯಬೇಡಿ. ಬರೆಯಲು ಕಲಿತಿದ್ದೀರಲ್ಲ!

ಒಂದೊಂದು ಕಾರ್ಡಿಗೂ ಚಿತ್ರ ಬರೆಯುತ್ತಾ ಕೂತರೆ ಕೂಲಿ ಹುಟ್ಟುವುದಿಲ್ಲ. ಒಂದು ಚಿತ್ರ ಬರೆದು 100 ಕಾರ್ಡ್ ಅಚ್ಚು ಹಾಕಿಸಿದಿರಿ ಅನ್ನಿ. ಅಚ್ಚಿಗೆ 800 ರೂಪಾಯಿ, ಕವರಿಗೆ 200 ರೂಪಾಯಿ. ಒಂದು ಕಾರ್ಡಿಗೆ 20 ರೂಪಾಯಿಯಂತೆ ಎಲ್ಲಾ ಮಾರಿದರೆ ಖರ್ಚು ಕಳೆದು 1000 ರೂಪಾಯಿ ಉಳಿಯುತ್ತೆ. ಚಿತ್ರ ಬರೆದವರ ಕೂಲಿ, ಬಸ್ ಚಾರ್ಜು ಇದರಲ್ಲೇ ಬರಬೇಕು.

ಲೆಕ್ಕ ಮಾಡಿ: 60 ಕಾರ್ಡ್ ಮಾತ್ರ ಮಾರಾಟವಾದರೆ ಎಷ್ಟು ಉಳಿಯುತ್ತೆ? ಅದರಲ್ಲಿ ಒಂದು ದಿನದ ಕೂಲಿ ಹುಟ್ಟುತ್ತದೆಯೇ?