ಎರಡನೆಯ ಓಟಿಪಿ ಯಾರ ಮೊಬೈಲಿಗೆ?

2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ತಿಂಗಳ ರೊಕ್ಕ ಕೊಡುವ ಲಾಡ್ಕಿ ಬಹಿಣ್ ಯೋಜನೆಯ ಹೆಣ್ಣುಮಕ್ಕಳೆಲ್ಲ ಇ-ಕೆವೈಸಿ ಮಾಡಿಸಬೇಕೆಂದು ಹೇಳಿತು. ನೆಟ್‌ವರ್ಕ್ ಸಿಕ್ಕರೆ ಮುಗಿಯುವ ಕೆಲಸ. ತನ್ನ ಆಧಾರ್ ಕೊಟ್ಟು ಬಂದ ಓಟಿಪಿ ಹೇಳಬೇಕು, ಆಮೇಲೆ ಗಂಡನದೋ ಅಪ್ಪನದೋ ಆಧಾರ್ ಕೊಟ್ಟು ಇನ್ನೊಂದು ಓಟಿಪಿ ಹೇಳಬೇಕು. ಈ ಅಂಕಣ ಬರೆಯುವಾಕೆಯ ಅಪ್ಪ ತೀರಿಕೊಂಡಿದ್ದಾರೆ. ಇನ್ನು ಗಂಡನ ಮೊಬೈಲು, ವಿಚ್ಛೇದನದ ಕೇಸಿನಲ್ಲಿ ಎದುರುಪಾರ್ಟಿಯ ಜೇಬಿನಲ್ಲಿತ್ತು.

“ಮನಿಯವರಿಗೆ ಫೋನ್ ಹಚ್ಚಿ ಕೇಳ್ರಲ್ಲ ಅಕ್ಕಾರ,” ಎಂದ ಸಂಖ ಊರಿನಲ್ಲಿ ಸರಕಾರಿ ಅರ್ಜಿ ತುಂಬುವ ಸೇತು ಕೇಂದ್ರದ ಹುಡುಗ.

“ಫೋನ್ ಹಚ್ಚುವಂಗಿದ್ರ ವಕೀಲರಿಗೆ ಯಾಕ ರೊಕ್ಕಾ ಕೊಡ್ತಿದ್ದೆ, ತಮ್ಮಾ?”

ಸಂಖ ಇರುವ ಜತ್ತ ತಾಲೂಕಿನ ಈ ಪೂರ್ವಭಾಗದಲ್ಲಿ ಮನೆಮಾತು ಕನ್ನಡ, ಕಾಗದದ ಮಾತು ಮರಾಠಿ. 2022ರ ಕೊನೆಗೆ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ ಹಳ್ಳಿಗಳನ್ನು ಕರ್ನಾಟಕಕ್ಕೆ ಸೇರಿಸುವ ಮಾತೆತ್ತಿ ಗಡಿ ಬಿಸಿಯಾದಾಗಲೂ ಬೀಗತನ ನಿಂತಿರಲಿಲ್ಲ. ಕರ್ನಾಟಕದ ಇಂಡಿ, ಚಡಚಣ, ವಿಜಯಪುರದ ಕಡೆಯಿಂದ ಹೆಣ್ಣು ತರುವುದು, ಆ ಕಡೆಗೆ ಕೊಡುವುದು ಇಲ್ಲಿ ದಿನದ ಮಾತು. ಗಡಿ ದಾಟಿ ಬಂದ ಸೊಸೆಯ ಕಾಗದಗಳು ಮಾತ್ರ ತಡವಾಗಿ ದಾಟುತ್ತವೆ.

ಅಂಕಣಕಾರ್ತಿಯೂ ಹಾಗೆ ಬಂದವಳೇ. 2024ರಲ್ಲಿ ಯೋಜನೆ ಶುರುವಾದಾಗ ತಿಂಗಳಿಗೆ 1,500 ರೂಪಾಯಿ ಪಡೆಯಲು 21ರಿಂದ 65ರ ವಯಸ್ಸು, ವರ್ಷಕ್ಕೆ ಎರಡೂವರೆ ಲಕ್ಷದೊಳಗಿನ ಕುಟುಂಬದ ಆದಾಯ ಮತ್ತು ಮಹಾರಾಷ್ಟ್ರದ ವಾಸ್ತವ್ಯದ ಪುರಾವೆ ಬೇಕಿತ್ತು. ಬೇರೆ ರಾಜ್ಯದಲ್ಲಿ ಹುಟ್ಟಿ ಇಲ್ಲಿಗೆ ಮದುವೆಯಾಗಿ ಬಂದವರು ಏನು ತೋರಿಸಬೇಕು? ಗಂಡನ ಜನ್ಮದಾಖಲೆ, ಶಾಲೆ ಬಿಟ್ಟ ದಾಖಲೆ ಅಥವಾ ಡೊಮಿಸೈಲ್ ನಡೆಯುತ್ತದೆ ಎಂದು ಸರಕಾರ ನಿಯಮ ಸಡಿಲಿಸಿತು. ಸಂಖದಂಥ ಊರಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಆದರೆ ಹೆಂಡತಿಯ ವಾಸ್ತವ್ಯ ಗಂಡನ ಫೈಲಿಗೆ ಪಿನ್ನು ಹೊಡೆದ ಹಾಳೆಯಾಯಿತು.

ಯೋಜನೆ ವಿಚ್ಛೇದಿತರನ್ನೂ ಪರಿತ್ಯಕ್ತೆಯರನ್ನೂ ಹೆಸರಿಟ್ಟೇ ಒಳಗೆ ಸೇರಿಸಿಕೊಂಡಿದೆ. ವಿಚ್ಛೇದನವಾದವರು ತಮ್ಮ ಇ-ಕೆವೈಸಿ ಮಾಡಿ ಕೋರ್ಟಿನ ಆದೇಶದ ಪ್ರತಿ ಸಲ್ಲಿಸಬಹುದು ಎಂದು 2025ರ ನವೆಂಬರಿನಲ್ಲಿ ಹೊಸ ಸಡಿಲಿಕೆ ಬಂತು, ಗಡುವು ಡಿಸೆಂಬರ್ 31ಕ್ಕೆ ಹೋಯಿತು. ಕೇಸು ನಡೆದೇ ಇರುವವಳ ಹತ್ತಿರ ಗಂಡನ ಓಟಿಪಿಯೂ ಇರುವುದಿಲ್ಲ, ಆದೇಶವೂ ಇರುವುದಿಲ್ಲ.

ಆಗ ಹಿರಿಯರು ಹೇಳುವ ದಾರಿ ಒಂದೇ: ಬಾಂಡ್ ಪೇಪರಿನ ಮೇಲೆ ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಬರೆಸಿ, ನಾಲ್ಕು ಮಂದಿ ಸಹಿ ಹಾಕಿಸಿ ಕೈತೊಳೆದುಕೊಳ್ಳಿ. ಖರ್ಚು ಕಡಿಮೆ ನಿಜ. ಆದರೆ 1955ರ ಹಿಂದೂ ವಿವಾಹ ಕಾಯ್ದೆ ಲಿಂಗಾಯತರಿಗೂ ಅನ್ವಯಿಸುತ್ತದೆ. ರೂಢಿಯ ವಿಚ್ಛೇದನಕ್ಕೆ ಅದರ 29ನೇ ಕಲಮಿನಲ್ಲಿ ಜಾಗವಿದ್ದರೂ ಆ ರೂಢಿ ಉಂಟೆಂದು ಕೋರ್ಟಿನಲ್ಲಿ ಸಾಬೀತು ಮಾಡುವ ಭಾರ ಹೇಳಿದವರದು. ಆಧಾರ್‌ನಲ್ಲಿ ಹೆಸರು ಬದಲಿಸಲು ನಡೆಯುವುದು ಕೋರ್ಟಿನ ಡಿಕ್ರಿ. ಸೋಡಚೀಟಿಗೆ ಕೊಟ್ಟ ರೊಕ್ಕ ಬಹುಪಾಲು ನೀರಿಗೆ ಹಾಕಿದಂತೆಯೇ.

ಡಿಕ್ರಿಗೆ ಕಾಲ ಹಿಡಿಯುತ್ತದೆ. ಪರಸ್ಪರ ಒಪ್ಪಿಗೆಯಿದ್ದರೂ ಒಂದು ವರ್ಷ ಬೇರೆ ಇರಬೇಕು, ಅರ್ಜಿ ಹಾಕಿದ ಮೇಲೆ ಮತ್ತೆ 6 ತಿಂಗಳು ಕಾಯಬೇಕು. ಈ 6 ತಿಂಗಳನ್ನು ನ್ಯಾಯಾಧೀಶರು ಮನ್ನಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ವಕೀಲರು ಕೇಳಬೇಕಷ್ಟೆ. 2003ರ ತಿದ್ದುಪಡಿಯಿಂದ ಹೆಂಡತಿ ತಾನು ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಹೀಗಾಗಿ ವಿಜಯಪುರ ಜಿಲ್ಲೆಯ ತವರಿಗೆ ಹೋಗಿ ಇದ್ದರೆ ಕೇಸೂ ಅಲ್ಲೇ ನಡೆಯುತ್ತದೆ. ಜೀವನಾಂಶಕ್ಕೆ ಮಾತ್ರ ತೀರ್ಪಿನ ತನಕ ಕಾಯಬೇಕಿಲ್ಲ. ಅದೇ ಕಾಯ್ದೆಯ 24ನೇ ಕಲಮಿನಡಿ ಮಧ್ಯಂತರ ಜೀವನಾಂಶ ಕೇಳಬಹುದು. ಅರ್ಜಿ ಹಾಕಿದ ದಿನದಿಂದಲೇ ಅದು ಎಣಿಕೆಗೆ ಬರಬೇಕು, ಇಬ್ಬರೂ ಆಸ್ತಿ-ಸಾಲದ ಅಫಿಡವಿಟ್ ಕೊಡಬೇಕು ಎಂದು 2020ರ ರಜನೇಶ್-ನೇಹಾ ತೀರ್ಪು ಹೇಳುತ್ತದೆ. ಅರ್ಜಿ ಒಂದು ತಿಂಗಳು ತಡವಾದರೆ ಒಂದು ತಿಂಗಳಿನ ರೊಕ್ಕ ಹೋದಂತೆ.

ಕೋರ್ಟಿಗೆ ಹೋಗುವ ಬಸ್ಸಿನಲ್ಲೂ ವಿಳಾಸದ ಲೆಕ್ಕವೇ. ಈ ಕಡೆಯ ಸರಕಾರಿ ಬಸ್ಸಾದ ಎಸ್‌ಟಿಯಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೆಟು, ಅದೂ ಮಹಾರಾಷ್ಟ್ರದ ಗಡಿಯ ತನಕ. ಮುಂದೆ ಕರ್ನಾಟಕದ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣಕ್ಕೆ ಅಲ್ಲಿನ ವಿಳಾಸದ ಗುರುತಿನ ಚೀಟಿ ಬೇಕು. ಸಂಖದ ಆಧಾರ್ ಹಿಡಿದವಳು ತವರಿನ ನೆಲದಲ್ಲಿ ಪೂರ್ತಿ ಟಿಕೆಟ್ ತೆಗೆಸುತ್ತಾಳೆ.

ಹಾಗಾದರೆ ರೇಷನ್ ಕಾರ್ಡಿನಿಂದ ಹೆಸರು ಕಡಿಸಿ ತವರಿನ ಕಾರ್ಡಿಗೆ ಹಾಕಿಸಿದರಾಯಿತಲ್ಲ, ಅಲ್ಲಿ ಗೃಹಲಕ್ಷ್ಮಿ ಯೋಜನೆ ತಿಂಗಳಿಗೆ 2,000 ಕೊಡುತ್ತದೆ ಎಂದು ಸಲಹೆ ಕೊಡುವವರು ಬಹಳ. ಅವಸರ ಬೇಡವೆಂದು ಅಂಕಣಕಾರ್ತಿ ತನ್ನ ವಹಿಯಲ್ಲಿ ಬರೆದುಕೊಂಡಿದ್ದಾಳೆ. ಗೃಹಲಕ್ಷ್ಮಿ ಸಿಗುವುದು ಕಾರ್ಡಿನ ಯಜಮಾನಿಗೆ, ಒಂದು ಕಾರ್ಡಿಗೆ ಒಬ್ಬಳಿಗೆ. ತವರಿನ ಕಾರ್ಡಿನಲ್ಲಿ ಯಜಮಾನಿ ಅವ್ವ. ಮಗಳು ಹೋಗಿ ಸೇರಿದರೆ 1,500 ಬದಲಿಗೆ ಬರುವುದು 2,000 ಅಲ್ಲ, ಸೊನ್ನೆ. ಬೇರೆ ಕಾರ್ಡಿಗೆ ಅರ್ಜಿ ಎಲ್ಲ ಕಾಲಕ್ಕೂ ತೆರೆದಿರುವುದಿಲ್ಲ. ಕರ್ನಾಟಕದ ಮನಸ್ವಿನಿ ಪಿಂಚಣಿ ವಿಚ್ಛೇದಿತೆಯರಿಗೂ ಉಂಟು, ಆದರೆ 40 ದಾಟಿರಬೇಕು. ಈ ಕಡೆ ಸಂಜಯ ಗಾಂಧಿ ನಿರಾಧಾರ ಯೋಜನೆಯೂ ಅದೇ 1,500 ಕೊಡುತ್ತದೆ, ಆದಾಯದ ಮಿತಿ ವರ್ಷಕ್ಕೆ 21,000. ಅದನ್ನೂ ಲಾಡ್ಕಿ ಬಹಿಣನ್ನೂ ಒಟ್ಟಿಗೆ ಪಡೆಯಲು ಬರುವುದಿಲ್ಲ.

ಸಂಖದಲ್ಲೇ ಉಳಿಯುವವರಿಗೆ ಒಂದು ಕಾಗದ ಬಹಳ ಕೆಲಸಕ್ಕೆ ಬರುತ್ತದೆ, ಹಳೆಯ ಮತದಾರರ ಚೀಟಿ. 15 ವರ್ಷದ ಹಿಂದಿನ ಮತದಾರರ ಚೀಟಿ ಅಥವಾ ರೇಷನ್ ಕಾರ್ಡ್ ಇದ್ದರೆ ಲಾಡ್ಕಿ ಬಹಿಣ್ ಯೋಜನೆಗೆ ಡೊಮಿಸೈಲ್ ಬೇಕಿಲ್ಲ. ರೇಷನ್ ಕಾರ್ಡ್ ಅತ್ತೆಮನೆಯ ಟ್ರಂಕಿನಲ್ಲಿರುತ್ತದೆ. ಮತದಾರರ ಚೀಟಿಯಲ್ಲಿ ಗಂಡನ ಹೆಸರಿದ್ದರೂ ಫೋಟೋ ತನ್ನದು, ಇಟ್ಟುಕೊಳ್ಳುವ ಪೆಟ್ಟಿಗೆಯೂ ತನ್ನದೇ. ಮದುವೆಯಾಗಿ ಅಷ್ಟು ವರ್ಷವಾದವರು ಅದನ್ನು ಯಾರ ಕೈಗೂ ಕೊಡಬಾರದು.

ಹೆಂಡತಿಯ ವಾಸ್ತವ್ಯ ಗಂಡನ ಕಾಗದಕ್ಕೆ ಕಟ್ಟಿದ ಇದೇ ಗಂಟು ಅಮೆರಿಕದ ಕನ್ನಡ ಮನೆಗಳಲ್ಲಿ ತಿರುವುಮುರುವು. ಗಂಡನ ಎಚ್-1ಬಿ ವೀಸಾ ನೆಚ್ಚಿ ಎಚ್-4ರಲ್ಲಿ ಇರುವಾಕೆಗೆ ಡಿಕ್ರಿ ಬಂದರೆ ಆ ದೇಶದಲ್ಲಿ ಇರುವ ಅಧಿಕಾರವೇ ಹೋಗುತ್ತದೆ. ಸಂಖದವಳು ತೀರ್ಪಿನ ಪ್ರತಿಗಾಗಿ ಕಾಯುತ್ತಾಳೆ, ನ್ಯೂಜೆರ್ಸಿಯವಳು ಅದಕ್ಕೆ ಅಂಜುತ್ತಾಳೆ.

ಇನ್ನು ಬ್ಯಾಂಕು. ಸರಕಾರದ ರೊಕ್ಕ ಆಧಾರ್‌ಗೆ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ತವರಿನಲ್ಲಿ ಹೊಸ ಖಾತೆ ತೆಗೆದು ಆಧಾರ್ ಜೋಡಿಸಿದರೆ ಗ್ಯಾಸ್ ಸಬ್ಸಿಡಿಯಿಂದ ಹಿಡಿದು ಎಲ್ಲವೂ ಅಲ್ಲಿಗೇ ತಿರುಗುತ್ತದೆ. ಹಳೆಯ ಖಾತೆಯ ನಾಮಿನಿ ಮಾತ್ರ ತಾನಾಗಿ ಬದಲಾಗುವುದಿಲ್ಲ. ಡಿಕ್ರಿ ಬಂದ ಮೇಲೂ, ಫಾರ್ಮು ತುಂಬಿ ಕೊಡುವ ತನಕ, ಅಲ್ಲಿ ಗಂಡನ ಹೆಸರೇ ಇರುತ್ತದೆ.